ಒಂದು ‘ಎಸ್’ ಬಿಟ್ಟರೆ ಯಾರ ಗಂಟು ಹೋಯ್ತು?

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಕತ್ತೆತ್ತಿದ ಕಡೆಯೆಲ್ಲ ಕೋಚಿಂಗ್ ಸೆಂಟರುಗಳ ಬೋರ್ಡು. ಜಾವಾ, ಪೈಥಾನ್, ಐಇಎಲ್‌ಟಿಎಸ್, ಅವುಗಳ ಸಂದಿಯಲ್ಲಿ ಸ್ಪೋಕನ್ ಇಂಗ್ಲಿಷ್. ತೆಲಂಗಾಣದ ಹಳ್ಳಿ ಹುಡುಗರ ಪಕ್ಕದಲ್ಲಿ ಬೀದರ್, ಕಲಬುರಗಿ, ರಾಯಚೂರಿನವರೂ ಬಂದು ಕೂರುತ್ತಾರೆ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳಿಗೆ ಇದೇ ರಾಜಧಾನಿಯಾಗಿತ್ತಲ್ಲ! ಇಂಥ ಕ್ಲಾಸುಗಳಲ್ಲಿ ಮೇಷ್ಟ್ರ ಗಂಟಲು ಆರಿಸುವುದು ದೊಡ್ಡ ದೊಡ್ಡ ಪದಗಳಲ್ಲ, ಒಂದು ಪುಟ್ಟ ಅಕ್ಷರ. ‘ಶಿ ಗೋ’ ಅಲ್ಲಮ್ಮಾ, ‘ಶಿ ಗೋಸ್’.

ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗಬೇಕು ಎಂಬುದು ನಮಗೆ ಹೊಸತೇ? ಖಂಡಿತ ಅಲ್ಲ. ಬಂದೆ, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದವು: ಲಿಂಗ, ವಚನ, ಪುರುಷ ಮೂರನ್ನೂ ಬಾಲಕ್ಕೆ ಕಟ್ಟಿಕೊಂಡೇ ನಮ್ಮ ಕ್ರಿಯಾಪದ ಹೊರಡುವುದು. 13ನೇ ಶತಮಾನದಲ್ಲಿ ವೈಯಾಕರಣ ಕೇಶಿರಾಜ ಆಖ್ಯಾತಕ್ಕಾಗಿ, ಅಂದರೆ ಕ್ರಿಯಾಪದಕ್ಕಾಗಿ, ಒಂದು ಪ್ರಕರಣವನ್ನೇ ಬರೆದ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ಕೇಮ್’ ಒಂದೇ. ಈಸ್, ಆರ್, ಹ್ಯಾಸ್, ಹ್ಯಾವ್‌ಗಳನ್ನು ಬಿಟ್ಟರೆ ವರ್ತಮಾನ ಕಾಲದ ಅವನು, ಅವಳು, ಅದಕ್ಕೆ ಒಂದು ‘ಎಸ್’ ಸೇರಿಸಿದರೆ ಕಥೆ ಮುಗಿಯಿತು. ಆನೆಯಂಥ ವ್ಯಾಕರಣವನ್ನು ಲೀಲಾಜಾಲವಾಗಿ ನುಡಿಯುವವರು ಈ ಇರುವೆಗೆ ಎಡವುತ್ತಾರೆ.

ಕಾರಣ ನನಗೆ ಕಾಣುವುದು ಹೀಗೆ. ನಮ್ಮಲ್ಲಿ ಪ್ರತ್ಯಯಕ್ಕೆ ಕೆಲಸವಿದೆ. ‘ಬಂದಳು’ ಅಂದರೆ ಸಾಕು, ‘ಅವಳು’ ಎನ್ನುವುದು ಬೇಕೇ ಇಲ್ಲ. ಇಂಗ್ಲಿಷಿನಲ್ಲಿ ‘ಶಿ’ ಅನ್ನಲೇಬೇಕು. ಹಾಗೆ ಅಂದ ಮೇಲೆ ಹಿಂದಿನ ‘ಎಸ್’ ಹೊಸದಾಗಿ ಏನನ್ನೂ ಹೇಳುವುದಿಲ್ಲ. ಇಂಗ್ಲಿಷ್ ಮನೆಮಾತಾದ ಮಕ್ಕಳಿಗೂ ಇದು ಬೇಗ ಒಲಿಯುವುದಿಲ್ಲ. ಅಮೆರಿಕದ ರೋಜರ್ ಬ್ರೌನ್ ಪುಟ್ಟ ಮಕ್ಕಳ ಮಾತನ್ನು ವರ್ಷಗಟ್ಟಲೆ ಹಿಂಬಾಲಿಸಿ 1973ರಲ್ಲಿ ಪುಸ್ತಕ ಬರೆದರು. ನಾಮಪದದ ಬಹುವಚನದ ‘ಎಸ್’ ಮಕ್ಕಳ ಬಾಯಿಗೆ ಬೇಗ ಬರುತ್ತದೆ, ಕ್ರಿಯಾಪದದ ‘ಎಸ್’ ತೀರಾ ತಡ. ಸದ್ದು ಎರಡಕ್ಕೂ ಒಂದೇ. ಒಂದಕ್ಕೆ ಅರ್ಥವಿದೆ, ಇನ್ನೊಂದಕ್ಕಿಲ್ಲ. ಇಂಗ್ಲೆಂಡಿನಲ್ಲೇ ನಾರ್ವಿಚ್ ನಗರದ ದುಡಿಯುವ ವರ್ಗದವರು ‘ಶಿ ಗೋ’ ಅನ್ನುತ್ತಾರೆಂದು ಪೀಟರ್ ಟ್ರಡ್‌ಗಿಲ್ 1974ರ ಅಧ್ಯಯನದಲ್ಲಿ ತೋರಿಸಿದರು. ಅಮೀರ್‌ಪೇಟೆಯಲ್ಲಿ ಅವರಿಗೂ ಫೀಸು ಕಟ್ಟಿಸುತ್ತಿದ್ದರೇನೋ!

ಹೈದರಾಬಾದಿನಲ್ಲಿ ಈ ಹೊಂದಾಣಿಕೆಯ ಲೆಕ್ಕ ಒಂದೊಂದು ಭಾಷೆಗೆ ಒಂದೊಂದು ಥರ. ತೆಲುಗಿನಲ್ಲಿ ರಮಾ ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಒಂದೇ ರೂಪ. ಬೀದರಿನಿಂದ ಹೋದ ಕನ್ನಡಿಗನ ಕಿವಿಗೆ ಇದು ಮೊದಮೊದಲು ಒರಟೆನಿಸುತ್ತದೆ, ಆಡುವವರಿಗೆ ಏನೂ ಅನ್ನಿಸುವುದಿಲ್ಲ. ಇಲ್ಲಿನ ಉರ್ದುವಾದ ದಖ್ಖನಿಯದು ಇನ್ನೂ ಸ್ವಾರಸ್ಯ. ಲಖನೌದ ಉರ್ದುವಿನಲ್ಲಿ ‘ಮೈಂ ನೇ ರೋಟಿ ಖಾಯೀ’. ತಿಂದವನು ಗಂಡಸಾದರೂ ಕ್ರಿಯಾಪದ ರೊಟ್ಟಿಯ ಲಿಂಗ ಹಿಡಿಯುತ್ತದೆ. ಚಾರ್‌ಮಿನಾರ್ ಸುತ್ತಮುತ್ತ ಆ ‘ನೇ’ ಉದುರಿ ‘ಮೈಂ ರೋಟಿ ಖಾಯಾ’ ಆಗಿದೆ. ಶತಮಾನಗಳ ಕಾಲ ತೆಲುಗು, ಕನ್ನಡದವರ ನೆರೆಯಲ್ಲಿ ಬಾಳಿದ ಭಾಷೆ ತಿಂದವನ ಕಡೆಗೆ ವಾಲಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಇದೇ ಊರಿನಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲಿ, 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಯಿತು. ಇಂದಿನ ಇಫ್ಲು ವಿಶ್ವವಿದ್ಯಾಲಯದ ಮೂಲ ಅದು. ದೇಶದ ಇಂಗ್ಲಿಷ್ ಮೇಷ್ಟ್ರುಗಳಿಗೆ ಪಾಠ ಹೇಳುವ ಆ ಸಂಸ್ಥೆಯನ್ನು ಆರಂಭದ ವರ್ಷಗಳಲ್ಲಿ ನಡೆಸಿದವರು ನಮ್ಮ ವಿ.ಕೃ. ಗೋಕಾಕ್. ಅವರದೇ ಹೆಸರಿನ ವರದಿ ಜಾರಿಯಾಗಲಿ, ಕನ್ನಡ ಪ್ರಥಮ ಭಾಷೆಯಾಗಲಿ ಎಂದು 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದರು. ಎರಡೂ ಕೆಲಸ ಒಬ್ಬರದೇ ಎಂಬುದು ಎಷ್ಟೋ ಜನಕ್ಕೆ ನೆನಪಿಲ್ಲ.

‘ಎಸ್’ ಮರೆಯುವುದು ಲೋಕಕ್ಕೆಲ್ಲ ಸಾಮಾನ್ಯ. ನಮ್ಮವೇ ಆದ ತಪ್ಪುಗಳೂ ಇವೆ. ಬರವಣಿಗೆಯಲ್ಲಿ ‘ಬಸ್ಸುಗಳು ಬಂದವು’, ಮಾತಿನಲ್ಲಿ ‘ಎರಡು ಬಸ್ ಬಂತು’. ಹಾಗಾಗಿ ‘ಟೂ ಬಸಸ್ ಹ್ಯಾಸ್ ಕಮ್’ ಎಂಬುದು ಸಲೀಸಾಗಿ ಹೊರಬೀಳುತ್ತದೆ. ಅವನು, ಅವಳು, ಅವರು, ಅದು, ಯಾರೇ ಆದರೂ ನಮಗೆ ‘ಬರಲಿಲ್ಲ’ ಒಂದೇ. ‘ಡೋಂಟ್’, ‘ಡಸಂಟ್’ ಭೇದ ಹತ್ತುವುದು ಕಷ್ಟ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಬೇರೆ ಪದ ಬಂದರೆ ಇನ್ನೊಂದು ತೊಡಕು. ‘ಮಾವಿನಹಣ್ಣುಗಳ ರುಚಿ ಚೆನ್ನಾಗಿದೆ’ ಅನ್ನುವಾಗ ಕರ್ತೃವಾದ ರುಚಿ ಕ್ರಿಯಾಪದಕ್ಕೆ ಒತ್ತಿಕೊಂಡೇ ಕೂತಿರುತ್ತದೆ. ಇಂಗ್ಲಿಷಿನಲ್ಲಿ ‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್’ ಎಂದು ಬಹುವಚನದ ಹಣ್ಣುಗಳು ನಡುವೆ ತೂರಿ ಕಿವಿ ಕೆಡಿಸುತ್ತವೆ, ನಾಲಿಗೆ ‘ಆರ್’ ಅಂದುಬಿಡುತ್ತದೆ. ಇಂಗ್ಲಿಷರೂ ಇಲ್ಲಿ ಜಾರುತ್ತಾರೆ. ‘ಒನ್ ಆಫ್ ಮೈ ಫ್ರೆಂಡ್’ ಬಗ್ಗೆ ಹೇಳುವುದೇ ಬೇಡ, ಅದು ಇಡೀ ದೇಶದ ಆಸ್ತಿ.

ಕಲಿಸುವ ಬಗೆಯಲ್ಲೂ ಜಗಳವಿದೆ. ಎನ್.ಎಸ್. ಪ್ರಭು ಬೆಂಗಳೂರಿನಿಂದ ಆರಂಭಿಸಿ 1979ರಿಂದ 1984ರವರೆಗೆ ನಡೆಸಿದ ಪ್ರಯೋಗದಲ್ಲಿ ವ್ಯಾಕರಣದ ನಿಯಮ ಹೇಳಿಕೊಡಲಿಲ್ಲ. ರೈಲ್ವೆ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಮಕ್ಕಳಿಗೆ ಲೆಕ್ಕ ಬಿಡಿಸಲು ಹೇಳಿದರು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಬರುತ್ತದೆ ಎಂಬ ನಂಬಿಕೆ. ಪ್ರಭು ಅವರ ಮೇಲೆ ನನಗೆ ಗೌರವವಿದೆ. ಆದರೆ ಅರ್ಥವೇ ಇಲ್ಲದ ಈ ‘ಎಸ್’ ಅರ್ಥದ ಬಲೆಗೆ ಹೇಗೆ ಬಿದ್ದೀತು? ರೈಲು ಎಷ್ಟು ಗಂಟೆಗೆ ಹೊರಡುತ್ತದೆಂದು ‘ಟ್ರೇನ್ ಲೀವ್’ ಅಂದರೂ ತಿಳಿಯುತ್ತದೆ. ಇದೊಂದಕ್ಕೆ ಹಳೆಯ ಮೇಷ್ಟ್ರುಗಳ ಉರುಹೊಡೆಸುವ ದಾರಿಯೇ ವಾಸಿ.

ಉರುವಿಗೂ ತನ್ನದೇ ಅಪಾಯವಿದೆ. ‘ಎಸ್’ ಹಾಕು ಎಂದು ಗದರಿಸಿದರೆ ಹುಡುಗರು ‘ಡಸಂಟ್ ಗೋಸ್’ ಅನ್ನತೊಡಗುತ್ತಾರೆ, ‘ಬಾಯ್ಸ್ ಗೋಸ್’ ಅನ್ನುತ್ತಾರೆ. ಅವರದೂ ನ್ಯಾಯವೇ: ನಾಮಪದಕ್ಕೆ ಸೇರಿದರೆ ಬಹುವಚನ, ಕ್ರಿಯಾಪದಕ್ಕೆ ಸೇರಿದರೆ ಏಕವಚನ ಎಂದರೆ ಯಾರಿಗೆ ತಲೆ ಕೆಡುವುದಿಲ್ಲ? ಬೋರ್ಡಿನ ಮೇಲೆ ‘ಬಾಯ್ ಗೋಸ್, ಬಾಯ್ಸ್ ಗೋ’ ಎಂದು ಒಂದರ ಕೆಳಗೊಂದು ಬರೆದು, ಆ ‘ಎಸ್’ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ, ಎರಡೂ ಕಡೆ ಒಟ್ಟಿಗಿಲ್ಲ ಎಂದು ತೋರಿಸಿದರೆ ಮುಕ್ಕಾಲು ಗೊಂದಲ ಅಲ್ಲೇ ಇಳಿಯುತ್ತದೆ. ‘ಮೆನ್’, ‘ಚಿಲ್ಡ್ರನ್’ ಬಂದಾಗ ಸೂತ್ರ ಕೈಕೊಡುತ್ತದೆ, ನಿಜ. ಅವನ್ನು ಮರುದಿನದ ಕ್ಲಾಸಿಗೆ ಇಟ್ಟುಕೊಳ್ಳಬಹುದು.