ವಿಮಾನಕ್ಕೂ ನಂಬರ್, ಡ್ರೋನಿಗೂ ನಂಬರ್!

ಲಾರಿ, ಟ್ರ್ಯಾಕ್ಟರುಗಳಿಗೆ ನಮ್ಮಲ್ಲಿ ಕೆಎ 14 ನಂಬರು. ಹಾಗಾದರೆ ವಿಮಾನಕ್ಕೆ? ಅದಕ್ಕೂ ಇದೆ. ಶಿವಮೊಗ್ಗ - ಭದ್ರಾವತಿ ನಡುವಿನ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ತೋಟದಲ್ಲಿ ಕೆಲಸ ಮಾಡುವಾಗ ತಲೆ ಮೇಲೆ ವಿಮಾನ ಹೋದರೆ ನಾನು ಮೊದಲು ನೋಡುವುದು ಎಡರೆಕ್ಕೆಯ ಅಡಿಭಾಗ. ನಂಬರು ಬರೆಯುವುದು ಅಲ್ಲೇ.

ಏನಿದು ವಿಟಿ?

ಭಾರತದ ವಿಮಾನಗಳಿಗೆ ಮೊದಲು 'ವಿಟಿ', ಒಂದು ಅಡ್ಡಗೆರೆ, ಆಮೇಲೆ ಮೂರು ಇಂಗ್ಲಿಷ್ ಅಕ್ಷರ. ವಿಟಿ ದೇಶದ ಗುರುತು. ಉಳಿದ ಮೂರು ಆ ಒಂದು ವಿಮಾನದ್ದು. ಯಾವ ದೇಶಕ್ಕೆ ಯಾವ ಅಕ್ಷರ ಎಂಬುದು ರೇಡಿಯೋ ಕರೆ ಸಂಕೇತಗಳ ಅಂತಾರಾಷ್ಟ್ರೀಯ ಹಂಚಿಕೆಯಿಂದ ಬಂದದ್ದು. ನಮ್ಮದು ಬ್ರಿಟಿಷರ ಕಾಲದ್ದು. ಅಮೆರಿಕಕ್ಕೆ 'ಎನ್', ಪಾಕಿಸ್ತಾನಕ್ಕೆ 'ಎಪಿ'. ಮೂರಕ್ಷರವನ್ನೂ ಮನಸ್ಸಿಗೆ ಬಂದಂತೆ ಇಡುವಂತಿಲ್ಲ. ಅಪಾಯದ ಕರೆ 'ಎಸ್‌ಒಎಸ್' ಎಂದು ಗೊಂದಲವಾಗುವಂಥದ್ದು ಬೇಡ.

ಬರೆಯುವ ಕ್ರಮ

ರೆಕ್ಕೆಯಡಿಯ ಅಕ್ಷರ ಕನಿಷ್ಠ 50 ಸೆಂಟಿಮೀಟರ್ ಎತ್ತರ. ಒಡಲಿನ ಎರಡೂ ಬದಿ ಅಥವಾ ಬಾಲದ ಮೇಲಿನದು ಕನಿಷ್ಠ 30. ಅಗಲ ಎತ್ತರದ ಮೂರನೇ ಎರಡು ಪಾಲು, ಗೆರೆಯ ದಪ್ಪ ಆರನೇ ಒಂದು ಪಾಲು. ಅಂದರೆ 50 ಸೆಂ.ಮೀ. ಅಕ್ಷರಕ್ಕೆ 33 ಸೆಂ.ಮೀ. ಅಗಲ, ಎಂಟು ಸೆಂ.ಮೀ.ಗೂ ತುಸು ಹೆಚ್ಚು ದಪ್ಪ. ದೊಡ್ಡಕ್ಷರವೇ ಆಗಬೇಕು. ಬಳ್ಳಿ, ಬಣ್ಣದ ಅಲಂಕಾರ ಕೂಡದು. ಹಿನ್ನೆಲೆಗೆ ಎದ್ದು ಕಾಣಬೇಕು. ಸುಟ್ಟರೂ ಗುರುತು ಉಳಿಯಲಿ ಎಂದು ಬೆಂಕಿ ತಾಳುವ ಲೋಹದ ಫಲಕದಲ್ಲೂ ಅದನ್ನು ಕೊರೆದು, ಮುಖ್ಯ ಬಾಗಿಲ ಬಳಿ ಹಾಕಿರುತ್ತಾರೆ.

ಇಷ್ಟೆಲ್ಲ ಯಾಕೆ? ಹಾರುವ ವಸ್ತುವಿನಿಂದ ಕೆಳಗಿನವನಿಗೆ ತೊಂದರೆಯಾದರೆ ಅದು ಯಾರದ್ದೆಂದು ಗೊತ್ತಾಗಬೇಕು.

ನಮಗೇನು ಸಂಬಂಧ?

ಸಂಬಂಧ ಡ್ರೋನಿನಿಂದ. ಭದ್ರಾ ನಾಲೆ ಕೆಳಗಿನ ಗದ್ದೆಗಳಿಗೆ ಔಷಧಿ ಹೊಡೆಯಲು ಅದು ಬರುತ್ತಿದೆ. ಕೂಲಿಯಾಳಿನ ತಾಪತ್ರಯಕ್ಕೆ ಒಳ್ಳೆಯದೇ. ಆದರೆ ಗಾಳಿ ತಿರುಗಿದರೆ ಪಕ್ಕದವರ ಜೇನುಪೆಟ್ಟಿಗೆ, ಮೀನುಹೊಂಡದ ಗತಿ? ಡ್ರೋನ್ ಹೊರಟುಹೋದ ಮೇಲೆ ಯಾರನ್ನು ಕೇಳುವುದು?

2021ರ ಡ್ರೋನ್ ನಿಯಮದಂತೆ ಅದಕ್ಕೂ ನೋಂದಣಿ ಸಂಖ್ಯೆ ಬೇಕು. ಕೈ ಬದಲಾದರೆ ಹೆಸರೂ ಬದಲಾಗಬೇಕು. ಔಷಧಿ ಹೊಡೆಯುವಂಥ ಡ್ರೋನಿಗೆ ಮೂರನೆಯವರಿಗಾಗುವ ಹಾನಿಯ ವಿಮೆ, ಹಾರಿಸುವವನಿಗೆ ಪ್ರಮಾಣಪತ್ರ ಕಡ್ಡಾಯ. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೂ ದಂಡ.

ಸೋಗಾನೆ ಸುತ್ತಿನವರಿಗೆ ಇನ್ನೊಂದು ಮಾತು. ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ, ಬೇರೆ ನಿರ್ಬಂಧ ಇಲ್ಲದ ಜಾಗದಲ್ಲಿ, 200 ಅಡಿ ಎತ್ತರದವರೆಗೆ ಅನುಮತಿ ಬೇಡ. 8 ಕಿ.ಮೀ. ಒಳಗಾದರೆ ಸರಕಾರದ 'ಡಿಜಿಟಲ್ ಸ್ಕೈ' ನಕಾಶೆ ನೋಡದೆ, ಅನುಮತಿ ಪಡೆಯದೆ ಹಾರಿಸುವಂತಿಲ್ಲ.

ಡ್ರೋನ್ ಬಾಡಿಗೆಗೆ ಕರೆಯುವ ಮೊದಲು ನಾಲ್ಕು ಕೇಳಿ: ನೋಂದಣಿ ಸಂಖ್ಯೆ, ಹಾರಿಸುವವನ ಪ್ರಮಾಣಪತ್ರ, ವಿಮೆ, ಜಾಗದ ಅನುಮತಿ. ಸಂಖ್ಯೆಯನ್ನು ಔಷಧಿಯ ಹೆಸರು, ದಿನಾಂಕದ ಜತೆ ಡೈರಿಯಲ್ಲಿ ಬರೆದಿಡಿ. ಪಕ್ಕದ ಗದ್ದೆಗೆ ಬಂದಾಗಲೂ ಕೇಳಿ ಬರೆದುಕೊಳ್ಳಿ. ಸಂಖ್ಯೆ ಹೇಳಲು ಹಿಂದೇಟು ಹಾಕಿದರೆ ಆ ಡ್ರೋನ್ ನಿಮ್ಮ ಹೊಲಕ್ಕೆ ಬೇಡವೇ ಬೇಡ.