ಮೋಟಾರು ಪಂದ್ಯದ ಸಾವು: ಹೊಣೆ ಯಾರದು?

ಮೋಟಾರು ಪಂದ್ಯದಲ್ಲಿ ಸವಾರನೊಬ್ಬನು ಮಡಿದನೆಂಬ ವಾರ್ತೆ ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುವುವು. ಅಪಾಯವನ್ನು ಅರಿತೇ ಇಳಿದವನಿಗಾಗಿ ಯಾರನ್ನು ದೂರುವುದು ಎಂಬುದೊಂದು. ಯಾರದೋ ತಪ್ಪಿನಿಂದ ಹೀಗಾಯಿತು, ಅವನನ್ನು ಹಿಡಿಯಿರಿ ಎಂಬುದಿನ್ನೊಂದು. ಎರಡೂ ಅವಸರದ ಮಾತುಗಳೆಂದು ನಮ್ಮ ಅಭಿಪ್ರಾಯ.

1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ ನಗರದಲ್ಲಿ 24 ಗಂಟೆಗಳ ಪಂದ್ಯ ನಡೆದಿತ್ತು. ಮೈಕ್ ಹಾಥಾರ್ನನು ತನ್ನ ಜಾಗ್ವಾರ್ ಕಾರನ್ನು ಪಥದ ಪಕ್ಕದ ತಂಗುಕಟ್ಟೆಯಲ್ಲಿ ನಿಲ್ಲಿಸಲೆಂದು ವೇಗವನ್ನು ತಗ್ಗಿಸಿದನು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನನು ಡಿಕ್ಕಿಯನ್ನು ತಪ್ಪಿಸಲು ಎಡಕ್ಕೆ ಹೊರಳಿದನು. ಅವನ ಕಾರಿಗೆ ಪಿಯರ್ ಲೆವೆಗನ ಮರ್ಸಿಡಿಸ್ ಬಡಿದು ಮೇಲೆದ್ದು, ಅಂಚಿನ ಮಣ್ಣುದಿಬ್ಬಕ್ಕೆ ಅಪ್ಪಳಿಸಿತು. ಅದರ ಭಾಗಗಳು ಜನಸಂದಣಿಯ ಮೇಲೆ ಹಾರಿದುವು. ಲೆವೆಗನಲ್ಲದೆ 80ಕ್ಕೂ ಹೆಚ್ಚು ಪ್ರೇಕ್ಷಕರು ಅಸುನೀಗಿದರು. ಪಂದ್ಯವು ನಿಲ್ಲಲಿಲ್ಲ, ಹಾಥಾರ್ನನ ಕಾರೇ ಗೆದ್ದಿತು.

ಹಾಥಾರ್ನನನ್ನು ದೂರಿದವರು ಬಹಳ. ಆದರೆ ಅಧಿಕೃತ ವಿಚಾರಣೆಯು ಯಾವ ಚಾಲಕನನ್ನೂ ತಪ್ಪಿತಸ್ಥನೆನ್ನದೆ, ಪಥದ ಕಡೆಗೆ ಬೆರಳು ತೋರಿತು. ನಿಧಾನಗತಿಯ ಹಳೆಯ ಕಾರುಗಳಿಗೆ ತಕ್ಕುದಾಗಿದ್ದ ಇಕ್ಕಟ್ಟಿನ ದಾರಿಯಲ್ಲಿ ಹೊಸ ಕಾಲದ ಕಾರುಗಳು ಓಡುತ್ತಿದ್ದುವು. ನಿಲ್ಲುವ ಕಾರಿಗೂ ಓಡುವ ಕಾರಿಗೂ ನಡುವೆ ಗೋಡೆಯಿರಲಿಲ್ಲ. ಮರುವರ್ಷದ ಪಂದ್ಯದ ಹೊತ್ತಿಗೆ ಆ ಕಟ್ಟೆಗಳನ್ನು ಕೆಡವಿ ಹೊಸದಾಗಿ ಕಟ್ಟಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ಚೀಟಿ ಕೊಂಡು ನೋಡನಿಂತವನು ಯಾವ ಅಪಾಯಕ್ಕೆ ಒಪ್ಪಿದ್ದನು?

ಚಾಲಕನ ತಪ್ಪೇ ಇದ್ದರೂ ವಿಷಯ ಅಲ್ಲಿಗೆ ಮುಗಿಯದು. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ಮಳೆ ಸುರಿಯುತ್ತಿರಲು, ಅಪಘಾತಕ್ಕೀಡಾದ ಕಾರೊಂದನ್ನು ಎತ್ತುತ್ತಿದ್ದ ಕ್ರೇನಿಗೆ ಜೂಲ್ ಬಿಯಾಂಕಿಯ ಕಾರು ಬಡಿಯಿತು. 2015ರ ಜುಲೈನಲ್ಲಿ ಅವನು ತೀರಿಕೊಂಡನು. ಎಚ್ಚರಿಕೆಯ ಬಾವುಟವಿದ್ದರೂ ಅವನು ಸಾಕಷ್ಟು ವೇಗ ತಗ್ಗಿಸಲಿಲ್ಲವೆಂದು ತನಿಖಾ ಮಂಡಳಿಯು ಹೇಳಿತು. ಆದರೆ ಇಂಥ ಸಂದರ್ಭದಲ್ಲಿ ಎಲ್ಲ ಕಾರುಗಳೂ ಗೊತ್ತುಪಡಿಸಿದ ಮಿತಿಯೊಳಗೇ ಸಾಗಬೇಕೆಂಬ ಏರ್ಪಾಡು ಜಾರಿಗೆ ಬಂದುದು 2015ರಲ್ಲಿ.

2023ರ ಆಗಸ್ಟ್ 5ರಂದು ಮದರಾಸಿನ ಪಥದಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬನು ಬೈಕಿನಿಂದ ಬಿದ್ದು ಪ್ರಾಣಬಿಟ್ಟನು. ಆ ಪ್ರಕರಣದಲ್ಲಿ ತಪ್ಪನ್ನು ಹೊರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಪಾಯಕ್ಕೆ ಒಪ್ಪಿದನೆಂಬ ಮಾತು ಹದಿಮೂರರ ಹುಡುಗನಿಗೆ ಹೇಗೆ ಸಲ್ಲುವುದು? ಅವನ ಪರವಾಗಿ ಹಿರಿಯರು ರುಜು ಹಾಕಬಹುದು. ಅಪಾಯವನ್ನು ಹೊರುವವನು ಮಾತ್ರ ಅವನೇ.

ಚಕ್ರ ಜಾರುವುದು, ಅಂದಾಜು ತಪ್ಪುವುದು, ಎದುರಾಳಿ ಮೈಮೇಲೆ ಬರುವುದು, ಇವು ಆಟದೊಳಗಿನ ಅಪಾಯಗಳು. ಪ್ರಾಪ್ತವಯಸ್ಕನು ಇವನ್ನು ಒಪ್ಪಬಹುದು. ಗೋಡೆಯಿಲ್ಲದ ಪಥ, ತಡವಾಗಿ ಬರುವ ವೈದ್ಯ, ಲೆಕ್ಕಕ್ಕೆ ಬಾರದ ವಯಸ್ಸು, ಇವು ಆಟದ ಅಪಾಯಗಳಲ್ಲ, ನಡೆಸುವವರ ಲೋಪಗಳು. ಒಪ್ಪಿಗೆಪತ್ರದ ರುಜು ಮೊದಲನೆಯವಕ್ಕೆ ಮಾತ್ರ ಸಲ್ಲತಕ್ಕದ್ದು. ಪ್ರತಿಯೊಂದು ಸಾವಿನ ಬಗೆಗೂ ಪಂದ್ಯದೊಡನೆ ಸಂಬಂಧವಿಲ್ಲದವರು ವಿಚಾರಣೆ ನಡೆಸಿ, ವರದಿಯನ್ನು ಸಾರ್ವಜನಿಕರ ಮುಂದಿಡಬೇಕು. ಸವಾರನ ಧೈರ್ಯವು ವ್ಯವಸ್ಥಾಪಕರ ಅಲಕ್ಷ್ಯಕ್ಕೆ ಜಾಮೀನಾಗಕೂಡದು.