ಭೂಕಂಪದ ಮೇಲೆ ಊರಿಗೆ ನೀರು ಬಂದದ್ದು ಹೇಗೆ?

ಭೂಕಂಪ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಬಿದ್ದ ಮನೆ. ಆದರೆ ಮನೆಯ ಜೊತೆಗೆ ನೀರೂ ಹೋಗುತ್ತದೆ. ನೆಲ ಅಲುಗಿದಾಗ ಪೈಪಿನ ಜೋಡಣೆ ಬಿಚ್ಚಿಕೊಳ್ಳುತ್ತದೆ, ಓವರ್‌ಹೆಡ್ ಟ್ಯಾಂಕು ಬಿರುಕು ಬಿಡುತ್ತದೆ, ಬಾವಿಯ ಕಲ್ಲು ಒಳಕ್ಕೆ ಕುಸಿಯುತ್ತದೆ.

ಗುಜರಾತಿನ ಕಛ್ ಜಿಲ್ಲೆಯಲ್ಲಿ 2001ರ ಜನವರಿ 26ರಂದು ಹೀಗೇ ಆಯಿತು. ಗಣರಾಜ್ಯೋತ್ಸವದ ದಿನ, ಬೆಳಿಗ್ಗೆ 8 ಗಂಟೆ 46 ನಿಮಿಷ. ಭೂಕಂಪದ ಪ್ರಮಾಣ 7.7. ಸರ್ಕಾರದ ಲೆಕ್ಕದಲ್ಲೇ 13,800ಕ್ಕೂ ಹೆಚ್ಚು ಜನ ತೀರಿಹೋದರು. ಬಾವುಟ ಹಾರಿಸಲು ಹೋದ ಮಕ್ಕಳೂ ಅದರಲ್ಲಿದ್ದರು.

ಕಛ್ ಮೊದಲೇ ಬರದ ಸೀಮೆ. ವರ್ಷಕ್ಕೆ ಸುಮಾರು 350 ಮಿಲಿಮೀಟರ್ ಮಳೆ, ಅದೂ ಗ್ಯಾರಂಟಿ ಇಲ್ಲ. ಎಷ್ಟೋ ಕಡೆ ನೆಲದಡಿಯ ನೀರು ಉಪ್ಪು. ಅಲ್ಲಿ ಬನ್ನಿ ಎಂಬ ಹುಲ್ಲುಗಾವಲಿದೆ. ದನ ಎಮ್ಮೆ ಸಾಕುವ ಮಾಲಧಾರಿಗಳು ಅಲ್ಲಿ ವಿರ್ದಾ ಅಂತ ಸಣ್ಣ ಬಾವಿ ತೋಡುತ್ತಾರೆ. ಮಳೆಯ ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಸಿಹಿನೀರು ಮೇಲೆ ನಿಲ್ಲುತ್ತದೆ. ಆಳಕ್ಕೆ ಹೋಗದೆ ಮೇಲಿನ ನೀರಷ್ಟೇ ಮೊಗೆದುಕೊಳ್ಳುತ್ತಾರೆ. ನಮ್ಮ ವಿಜ್ಞಾನ ಪುಸ್ತಕದ ಸಾಂದ್ರತೆ ಪಾಠ ಇದೇ ನೋಡಿ, ಅವರು ಅದನ್ನು ಶಾಲೆಯಲ್ಲಿ ಕಲಿತದ್ದಲ್ಲ!

ಭೂಕಂಪ ಆದ ಮೇಲೆ ಟ್ಯಾಂಕರ್ ಬಂತು, ಡೇರೆ ಬಂತು, ಆಮೇಲೆ ಹೊಸ ಮನೆಗಳೂ ಎದ್ದವು. ಆದರೆ ಟ್ಯಾಂಕರ್ ಎಷ್ಟು ದಿನ ಬರುತ್ತೆ? ಇಂಜಿನಿಯರು ಪೈಪು ಹಾಕಿ ಹೋದ ಮೇಲೆ ವಾಲ್ವ್ ಕೆಟ್ಟರೆ ಯಾರನ್ನು ಕೇಳೋದು? ಗುಜರಾತ್ ಸರ್ಕಾರ 2002ರಲ್ಲಿ ವಾಸ್ಮೋ ಎಂಬ ಸಂಸ್ಥೆ ಮಾಡಿತು. ಭೂಕಂಪಕ್ಕೆ ಸಿಕ್ಕಿದ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಅದು ಈ ಕೆಲಸ ಕೈಗೆತ್ತಿಕೊಂಡಿತು. ಆದರೆ ನೀರಿನ ಕೆಲಸ ಮಾಡಬೇಕಾದ್ದು ಆ ಸಂಸ್ಥೆಯಲ್ಲ, ಊರಿನವರು.

ಅದು ಹೇಗೆಂದರೆ, ಗ್ರಾಮಸಭೆ ಸೇರಿಸಿ ಒಂದು 'ಪಾನಿ ಸಮಿತಿ' ಆರಿಸುತ್ತಾರೆ. ಪಾನಿ ಅಂದರೆ ನೀರು. ಅದರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರು ಇರಬೇಕು. ಇದು ಸುಮ್ಮನೆ ಹೆಸರಿಗೆ ಅಂತ ಅಂದುಕೊಳ್ಳಬೇಡಿ. ಕೊನೇ ಬೀದಿಯ ನಲ್ಲಿಗೆ ಎಷ್ಟು ಹೊತ್ತಿಗೆ ನೀರು ಬರುತ್ತೆ, ಎಲ್ಲಿ ಜಗಳ ಆಗುತ್ತೆ ಅಂತ ಕೊಡ ಹೊರುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ನಲ್ಲಿ ಎಲ್ಲಿ, ತೊಟ್ಟಿ ಎಲ್ಲಿ, ದನಕ್ಕೆ ನೀರು ಎಲ್ಲಿ ಎಂದು ಊರಿನವರೇ ಕೂತು ಯೋಜನೆ ಮಾಡುತ್ತಾರೆ. ಖರ್ಚಿನಲ್ಲಿ ನೂರಕ್ಕೆ ಹತ್ತು ಪಾಲು ಊರಿನದು. ದುಡ್ಡು ಇಲ್ಲದವರು ಕೂಲಿ ಕೆಲಸ ಮಾಡಿ ತಮ್ಮ ಪಾಲು ತೀರಿಸಬಹುದು. ಬ್ಯಾಂಕ್ ಖಾತೆ ಸಮಿತಿಯ ಹೆಸರಿನಲ್ಲಿ. ಸಿಮೆಂಟು ಸರಿಯಾಗಿ ಹಾಕಿದರೋ ಇಲ್ಲವೋ ಅಂತ ನೋಡುವವರೂ ಇವರೇ.

ಹತ್ತು ಪಾಲು ಬಡವರಿಂದ ಯಾಕೆ ಕೇಳಬೇಕು, ಅದೂ ಮನೆ ಕಳೆದುಕೊಂಡವರಿಂದ ಅಂತ ನನಗೂ ಅನ್ನಿಸಿತು. ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ತನ್ನ ಬೆವರು ಬಿದ್ದ ಟ್ಯಾಂಕು ಸೋರಿದರೆ ಯಾರೂ ಸುಮ್ಮನೆ ಇರಲ್ಲ, ಲೆಕ್ಕ ಕೇಳೋ ಧೈರ್ಯವೂ ಬರುತ್ತೆ, ಅದು ನಿಜ. ಕೆಲಸ ಮುಗಿದ ಮೇಲೆ ಮನೆಗೆ ಇಷ್ಟು ಅಂತ ನೀರಿನ ಕರ ಗೊತ್ತು ಮಾಡುತ್ತಾರೆ. ನಮ್ಮ ಕಡೆ ನೀರುಗಂಟಿ ಅನ್ನುತ್ತೇವಲ್ಲ, ಅಂಥವರ ಸಂಬಳ, ಮೋಟಾರ್ ರಿಪೇರಿ ಎಲ್ಲ ಅದರಲ್ಲೇ.

2003ರಲ್ಲಿ ನರ್ಮದಾ ನೀರು ಪೈಪಿನಲ್ಲಿ ಕಛ್‌ಗೆ ಬಂತು. ಆದರೂ ಊರಿನ ಕೆರೆ, ಬಾವಿ, ಚೆಕ್‌ಡ್ಯಾಮ್ ಬಿಡಬಾರದು ಅಂತಲೇ ಯೋಜನೆ ಇತ್ತು. ದೂರದ ಪೈಪು ಒಡೆದರೆ ಕೈಗೆ ಸಿಗೋದು ಊರಿನ ನೀರು ತಾನೇ.

ನೀರಿನ ಮಾತು ಆಡಿ ಕಕ್ಕಸಿನ ಮಾತು ಬಿಟ್ಟರೆ ಅರ್ಧ ಹೇಳಿದಂತೆ (ಯಾರೂ ನಗಬೇಡಿ). ಡೇರೆಯಲ್ಲಿರುವಾಗ ಹೆಂಗಸರು ಕತ್ತಲಾಗುವ ತನಕ ಕಾಯಬೇಕು. ಹಳ್ಳಿಗೆ ಸರಿಹೊಂದುವುದು ಎರಡು ಗುಂಡಿಯ ಕಕ್ಕಸು. ಒಂದು ಗುಂಡಿ ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದು ಒಂದೂವರೆ ಎರಡು ವರ್ಷದಲ್ಲಿ ವಾಸನೆ ಇಲ್ಲದ ಗೊಬ್ಬರ ಆಗುತ್ತದೆ. ಇಳಿಜಾರಿನ ಪ್ಯಾನ್ ಇದ್ದರೆ ಎರಡು ಲೀಟರ್ ನೀರು ಸಾಕು. ಗುಂಡಿ ಮಾತ್ರ ಕುಡಿಯುವ ನೀರಿನ ಬಾವಿಯಿಂದ ಹತ್ತು ಮೀಟರಾದರೂ ದೂರ ಇರಬೇಕು. ಇಲ್ಲಾಂದ್ರೆ ಭೂಕಂಪದಲ್ಲಿ ಉಳಿದವರನ್ನು ವಾಂತಿಭೇದಿ ಹಿಡಿಯುತ್ತೆ.

ವಾಸ್ಮೋಗೆ 2009ರಲ್ಲಿ ವಿಶ್ವಸಂಸ್ಥೆಯ ಸಾರ್ವಜನಿಕ ಸೇವೆಯ ಪ್ರಶಸ್ತಿ ಬಂತು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಇಡೀ ದೇಶದ ಹಳ್ಳಿಗಳಿಗೆ ಇಂಥದೇ ಸಮಿತಿ ಹೇಳುತ್ತದೆ, ಅದರಲ್ಲಿ ಅರ್ಧ ಜನ ಹೆಂಗಸರು. ಅಂದರೆ ನಮ್ಮ ಊರಿಗೂ ಒಂದು ಇರಬೇಕು. ನಮ್ಮ ಬೀದಿಯಿಂದ ಅದರಲ್ಲಿ ಯಾರಿದ್ದಾರೆ ಅಂತ ಅಮ್ಮನನ್ನು ಕೇಳಿದೆ, ಗೊತ್ತಿಲ್ಲ ಅಂದರು. ಪಕ್ಕದ ಮನೆ ಅಜ್ಜಿಗೂ ಗೊತ್ತಿಲ್ಲ. ಪಂಚಾಯ್ತಿಯಲ್ಲಿ ಹೆಸರಿನ ಪಟ್ಟಿ ಕೇಳಬೇಕು ಅಂದುಕೊಂಡಿದ್ದೇನೆ, ಸಿಕ್ಕಿದರೆ ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಬರೆದು ಅಂಟಿಸುತ್ತೇನೆ.